ಉಸಿರು ಬಿಟ್ಟಾಯ್ತು

ಮನೆಯಿಂದ, ಅಂಗಡಿಯ ಹಿಂದಿನ ಕೋಣೆ
ಹನ್ನೊಂದನೇ ತಾರೀಖು, ಮಂಗಳವಾರ ಬೆಳಗ್ಗೆ

ಪ್ರೀತಿಯ ಕೋತಿಮರಿಗೆ,

ಅಮ್ಮನ ಆಶೀರ್ವಾದ. ಹೇಗಿದ್ದೀಯ? ಬೆಟ್ಟದ ಗಾಳಿಗೆ ಕಿವಿ ನೋಯುತ್ತದೆ ಎಂದು ಹೋದ ಸಲ ಬರೆದಿದ್ದೆಯಲ್ಲ, ಕಡಿಮೆಯಾಯಿತೇ? ಕಳಿಸಿದ ಟೋಪಿ ಹಾಕಿಕೋ. ಚೆಂದ ಕಾಣೋಲ್ಲ ಅಂತ ಜೇಬಿನಲ್ಲಿಟ್ಟುಕೊಂಡು ತಿರುಗಬೇಡ, ಅಲ್ಲಿ ನಿನ್ನನ್ನು ನೋಡುವುದಕ್ಕೆ ಆ ರೋಪ್‌ವೇ ಕಂಬಗಳನ್ನು ಬಿಟ್ಟರೆ ಯಾರಿದ್ದಾರೆ? ನನ್ನ ಕಣ್ಣಿನ ಆಪರೇಷನ್ ಚೆನ್ನಾಗಿಯೇ ಆಯಿತು. ಪಟ್ಟಿ ಬಿಚ್ಚಿದ ಕೂಡಲೇ ಮೊದಲು ಕಂಡಿದ್ದು ನಿನ್ನ ಮಾವನ ಮುಖ. ಮಂಜು ಮಂಜಾಗಿ ಕಾಣುತ್ತಿದ್ದಾಗಲೇ ನನ್ನ ತಮ್ಮ ನೋಡೋಕೆ ವಾಸಿಯಾಗಿದ್ದ ಅಂದೆ. ಮೂತಿ ಊದಿಸಿಕೊಂಡ, ಆದರೂ ಹೊತ್ತು ಹೊತ್ತಿಗೆ ಕಣ್ಣಿಗೆ ಔಷಧಿ ಹಾಕುವವನು ಅವನೇ. ಜೀವಮಾನವೆಲ್ಲ ಬಸ್ಸು ಓಡಿಸಿದವನು ಈಗ ರಬ್ಬರ್ ಬೂಟು ಹಾಕಿಕೊಂಡು ನಮ್ಮ ಅಂಗಡಿಯ ಸತುವಿನ ಲೇಪದ ತೊಟ್ಟಿಗಳ ಮುಂದೆ ನಿಂತಿರುತ್ತಾನೆ. ಅವನ ಒಳ್ಳೆಯತನದಲ್ಲಿ ನನಗೆ ಅನುಮಾನವಿಲ್ಲ, ಇದನ್ನು ಮೊದಲೇ ಬರೆದಿಡುತ್ತೇನೆ.

ನಿಮ್ಮ ಕ್ಯಾಂಪಿಗೆ ನಿನ್ನೆ ಮಧ್ಯಾಹ್ನದಿಂದ ಫೋನ್ ಹಚ್ಚಿ ಹಚ್ಚಿ ಇವತ್ತು ಬೆಳಗ್ಗೆ ಸಿಕ್ಕಿತು. ನೀನು ಮೇಲಿನ ಕಂಬದ ಹತ್ತಿರ ಇದ್ದೀಯ, ಅಲ್ಲಿಗೆ ಫೋನ್ ಹೋಗುವುದಿಲ್ಲ ಅಂದರು ಗುಮಾಸ್ತರು. ಬೋಲ್ಟುಗಳ ವಿಷಯ ಎರಡೇ ಮಾತಿನಲ್ಲಿ ಹೇಳಿದೆ. ಪಾಪ, ಚೀಟಿಯಲ್ಲಿ ಬರೆದುಕೊಂಡು ಓದಿಯೂ ಹೇಳಿದರು. ಸಂಜೆಯೊಳಗೆ ನಿನ್ನ ಕೈಗೆ ಸೇರಿರುತ್ತದೆ. ಆ ಧೈರ್ಯದಿಂದಲೇ ಈಗ ನಿಧಾನವಾಗಿ ಕೂತು ಬರೆಯುತ್ತಿದ್ದೇನೆ, ಯಾಕೆಂದರೆ ಕಾರಣ ತಿಳಿಯದೆ ನೀನು ಬ್ರಹ್ಮ ಹೇಳಿದರೂ ಕೇಳುವವಳಲ್ಲ. ನಿಮಗೆ ಸಾಮಾನು ತರುವ ಲಾರಿಯಲ್ಲಿ ಈ ಕಾಗದ ಕಳಿಸುತ್ತೇನೆ. ಗುರುವಾರ ಬೆಳಗ್ಗೆ, ಕುರ್ಚಿಗಳಲ್ಲಿ ಮೊದಲ ಸಲ ಜನರನ್ನು ಕೂರಿಸುವ ಹೊತ್ತಿಗೆ ಬರುತ್ತದಂತೆ. ತಡವಾದರೂ ಚಿಂತೆಯಿಲ್ಲ, ಚೀಟಿ ಇದೆಯಲ್ಲ.

ಕುರ್ಚಿಗಳನ್ನು ಮೇಲಿನ ಉಕ್ಕಿನ ಹಗ್ಗಕ್ಕೆ ಕಚ್ಚಿಸುವ ಬೋಲ್ಟುಗಳಿಗೆ ಸತುವಿನ ಲೇಪ ಎಲ್ಲಿ ಬೇಕಾದರೂ ಮಾಡಿಸಬಹುದಿತ್ತು. ನಮ್ಮ ತೊಟ್ಟಿಯಲ್ಲೇ ಆಗಬೇಕು ಅಂತ ಹಠ ಹಿಡಿದವಳು ನೀನು. ಕಣಿವೆಯ ಮೇಲೆ ತೂಗಾಡುವಾಗ ಅಮ್ಮನ ಕೈ ಹಿಡಿದುಕೊಂಡ ಹಾಗಿರುತ್ತೆ ಅಂದಿದ್ದೆ. ಆ ಮಾತನ್ನು ನಾನು ಬೀದಿಯವರಿಗೆಲ್ಲ ಹೇಳಿಕೊಂಡು ಬೀಗಿದ್ದೇನೆ.

ಗಟ್ಟಿ ಉಕ್ಕಿಗೆ ಲೇಪವಾದ ಮೇಲೆ ನಿಮ್ಮಪ್ಪ ಅದನ್ನು ಓವನ್ನಿನಲ್ಲಿಟ್ಟು ಬೆಳಗಿನವರೆಗೂ ಕಾಯಿಸುತ್ತಿದ್ದರು. ಅದಕ್ಕೆ ಉಸಿರು ಬಿಡಿಸೋದು ಅಂತ ಹೆಸರು. ಅಪಶಕುನದ ಮಾತು, ಬೇರೆ ಹೆಸರು ಸಿಗಲಿಲ್ಲವೇ ಅಂತ ಬೈದಿದ್ದೇನೆ. ಯಾಕೆ ಕಾಯಿಸಬೇಕು ಅನ್ನುವುದು ಅವರಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ. ಕಾಲೇಜಿನಿಂದ ಬಂದ ನೀನೇ ಅಡುಗೆಮನೆಯ ನೆಲದ ಮೇಲೆ ಬಟಾಣಿ ಹರಡಿ, ನಡುವೆ ಸಾಸಿವೆ ಚೆಲ್ಲಿ ತೋರಿಸಿದ್ದು. ಬಟಾಣಿ ಉಕ್ಕಂತೆ, ಸಾಸಿವೆ ಹೈಡ್ರೋಜನ್ ಅಂತೆ. ಆಸಿಡ್ಡಿನಲ್ಲಿ ಅದ್ದಿದಾಗ, ತೊಟ್ಟಿಯಲ್ಲಿ ಕರೆಂಟು ಹರಿದಾಗ ಅದು ಹುಟ್ಟುತ್ತೆ. ಹೆಚ್ಚಿನದು ಗುಳ್ಳೆಯಾಗಿ ಹೋದರೂ ಸ್ವಲ್ಪ ಉಕ್ಕಿನೊಳಗೆ ನುಸುಳುತ್ತೆ, ಮೇಲೆ ಲೇಪ ಕೂತ ಮೇಲೆ ಹೊರಬರುವ ದಾರಿ ಮುಚ್ಚಿಹೋಗುತ್ತೆ. ಬೋಲ್ಟು ಡಬ್ಬಿಯಲ್ಲಿ ಸುಮ್ಮನಿದ್ದರೆ ಏನೂ ಇಲ್ಲ. ಬಿಗಿದರೆ ಮಾತ್ರ, ಎಲ್ಲಿ ಎಳೆತ ಹೆಚ್ಚೋ ಅಲ್ಲಿಗೆ ಮೆಲ್ಲಗೆ ಹೋಗಿ ಸೇರಿಕೊಳ್ಳುತ್ತೆ, ತಲೆಯ ಕೆಳಗೆ, ಕತ್ತಿನಲ್ಲಿ. ಒಳಗೊಳಗೇ ಬಿರುಕು ಬೆಳೆಯುತ್ತೆ. ಆಮೇಲೆ ಯಾರೂ ಮುಟ್ಟದೆ ಇರುವಾಗ ಒಂದು ದಿನ ಟಕ್ ಅಂತ ಹೋಗುತ್ತೆ. ಮೆತ್ತಗಿನ ಕಬ್ಬಿಣ ಹೇಗೋ ಬಗ್ಗಿ ಬದುಕಿಕೊಳ್ಳುತ್ತೆ, ಗಟ್ಟಿ ಉಕ್ಕಿಗೇ ಈ ರೋಗ ಅಂದಿದ್ದೆ. ಹಾಗಾದರೆ ನಿನಗೂ ಹುಷಾರು ಕಣೇ ಅಂತ ನಾನು ನಕ್ಕಿದ್ದೆ.

ನಿನ್ನ ಬೋಲ್ಟುಗಳ ಕೆಲಸ ನಡೆದ ದಿನ ನನ್ನ ಕಣ್ಣಿಗೆ ಪಟ್ಟಿ. ಈ ಕೋಣೆಯಲ್ಲೇ ಮಲಗಿ, ವಾಸನೆ ಮತ್ತು ಸದ್ದಿನಿಂದಲೇ ಕೆಲಸ ಎಲ್ಲಿಗೆ ಬಂತು ಅಂತ ತಿಳಿದುಕೊಳ್ಳುತ್ತಿದ್ದೆ. ಕೊನೆಗೆ ಗೋಡೆಯ ಈಚೆಯಿಂದ ಕೂಗಿ ಕೇಳಿದೆ, "ಉಸಿರು?"

"ಬಿಟ್ಟಾಯ್ತು ಅಕ್ಕಾ" ಅಂದ ನಿನ್ನ ಮಾವ.

ನಮ್ಮಲ್ಲಿ ಬಿಡೋದು ಅಂದರೆ ಏನು ಅಂತ ನಿನಗೆ ಗೊತ್ತು. ತೊಟ್ಟಿಗೆ ಬಿಡೋದು, ಓವನ್ನಿಗೆ ಬಿಡೋದು. ನಾನು ನೆಮ್ಮದಿಯಾಗಿ ಮಗ್ಗುಲು ಬದಲಾಯಿಸಿದೆ. ಅವನು ಹೇಳಿದ್ದು ಸಿಗರೇಟು ಬಿಟ್ಟಾಯ್ತು ಅನ್ನುವ ಅರ್ಥದಲ್ಲಿ. ಲಾರಿ ಬಾಗಿಲಲ್ಲಿ ನಿಂತಿತ್ತು; ಉಸಿರು ಅನ್ನೋದು ಭಾವನ ಕಾಲದ ಯಾವುದೋ ಶಾಸ್ತ್ರ ಇರಬೇಕು, ಈ ಸಲಕ್ಕೆ ಬೇಡ ಅಂದುಕೊಂಡನಂತೆ. ಬಿಸಿಗಾಳಿಗೆ ಹಿಡಿದು ನೀರು ಆರಿಸಿ ಡಬ್ಬಿಗೆ ತುಂಬಿಬಿಟ್ಟ.

ಗೊತ್ತಾಗಿದ್ದು ಅಪ್ಪನ ಪ್ಲೇಟಿನಿಂದ. ಪ್ರತಿ ಕೆಲಸದಲ್ಲೂ ಉಳಿಸಿಕೊಂಡ ನಾಲ್ಕು ಬೋಲ್ಟುಗಳನ್ನು ಆ ದಪ್ಪ ಕಬ್ಬಿಣದ ಪ್ಲೇಟಿಗೆ ಬಿಗಿದು ಬಾಗಿಲ ಹಿಂದೆ ಇಡುತ್ತಿದ್ದರಲ್ಲ, ಆ ಅಭ್ಯಾಸ ನಾನೂ ಇಟ್ಟುಕೊಂಡಿದ್ದೇನೆ. ಪಟ್ಟಿ ಬಿಚ್ಚಿದ ಮೇಲೆ, ಶನಿವಾರ, ನಿನ್ನವನ್ನು ಬಿಗಿದೆ. ಎಷ್ಟು ಬಿಗಿದರೂ ಅಲುಗಲಿಲ್ಲ, ಭೇಷ್ ಅಂದುಕೊಂಡೆ. ನಿನ್ನೆ ಗುಡಿಸುವಾಗ ಪೊರಕೆಗೆ ಒಂದು ಬೋಲ್ಟಿನ ತಲೆ ಸಿಕ್ಕಿತು. ಊಟಕ್ಕೆ ಕೂತಾಗ ಇನ್ನೊಂದು ಬಿತ್ತು. ಇಲಿ ಇರಬೇಕು ಅಂದ ನಿನ್ನ ಮಾವ. ಎದ್ದು ಹೋಗಿ ಪ್ಲೇಟು ತಂದು ಅವನ ಮುಂದೆ ಇಟ್ಟೆ, ಉಸಿರಿನ ವಿಷಯ ಮತ್ತೆ ಕೇಳಿದೆ. ಅನ್ನ ಹಾಗೇ ಉಳಿಯಿತು. ಮುರಿದ ಜಾಗವನ್ನು ಈ ಹೊಸ ಕಣ್ಣಿನಲ್ಲಿ ನೋಡಿದೆ, ಸಕ್ಕರೆಯ ಹರಳಿನ ಹಾಗೆ ಮಿಣಮಿಣ ಅನ್ನುತ್ತಿತ್ತು. ನೋಡಬಾರದಾಗಿತ್ತು ಅನ್ನಿಸಿತು.

ನೀವು ನಿನ್ನೆಯೇ ಎಲ್ಲ ಬೋಲ್ಟುಗಳನ್ನೂ ಬಿಗಿದು ಮುಗಿಸಿದಿರಂತೆ, ಗುಮಾಸ್ತರು ಹೆಮ್ಮೆಯಿಂದ ಹೇಳಿದರು. ನಾಳೆ ಮರಳಿನ ಮೂಟೆ ಇಟ್ಟು ಓಡಿಸುತ್ತೀರಿ. ಒಂದೂ ಕೊಸರಾಡುವುದಿಲ್ಲ, ನನ್ನವೂ ಶನಿವಾರ ಹಾಗೇ ಇದ್ದವು. ಹೊಸದಾಗಿ ಏನೇ ಕಟ್ಟಿದರೂ ಮೊದಲು ತಾನು ಹತ್ತಿ ಕೂರುವವಳು ನೀನು, ಹಿಂದೆ ಮನೆಯ ಉಯ್ಯಾಲೆಗೂ ಹಾಗೇ. ಚೀಟಿ ನಿನ್ನನ್ನು ತಡೆಯುತ್ತದೆ ಅಂತ ನಂಬಿದ್ದೇನೆ. ಈಗ ಮತ್ತೆ ಓವನ್ನಿಗೆ ಹಾಕಿ ಸರಿಮಾಡೋಣ ಅನ್ನಬೇಡ, ಒಳಗೆ ಬಿರುಕು ಬಿಟ್ಟಿದ್ದರೆ ಯಾವ ಕಾವೂ ಅದನ್ನು ಮುಚ್ಚುವುದಿಲ್ಲ. ಹೊಸವನ್ನು ನಾನೇ ಮುಂದೆ ನಿಂತು ಮಾಡಿಸುತ್ತೇನೆ. ಮಾವನ ಮೇಲೆ ಸಿಟ್ಟು ಬೇಡ, ನಿನ್ನೆಯಿಂದ ಅವನು ಓವನ್ನಿನ ಮುಂದೆಯೇ ಕೂತಿದ್ದಾನೆ.

ಹೊತ್ತಿಗೆ ಸರಿಯಾಗಿ ಉಣ್ಣು. ನೂರು ವರ್ಷ ಬಾಳು, ಕಾಲು ನೆಲದ ಮೇಲಿಟ್ಟುಕೊಂಡು ಬಾಳು.

ನಿನ್ನ
ಅಮ್ಮ

ತಾ.ಕ.: ಲಾರಿಯವರು ಹಾರ್ನ್ ಹೊಡೆಯುತ್ತಿದ್ದಾರೆ. ಅಂಟಿಸುವ ಮೊದಲು ಮಾವನಿಗೆ ಇದನ್ನು ಓದಿ ಹೇಳಿದೆ. "ಗುಮಾಸ್ತರಿಗೆ ನೀನು ಹೇಳಿದ್ದೇನಕ್ಕಾ, ಅದೇ ಮಾತಲ್ಲಿ ಹೇಳು" ಅಂದ. ಮುರಿಯುತ್ತವೆ ಅಂದರೆ ಅಲ್ಲಿ ನಿನ್ನ ಹೆಸರು ಕೆಡುತ್ತದೆ ಅಂತ ನಾನು ಇಷ್ಟೇ ಹೇಳಿದ್ದೆ: "ಅಮ್ಮ ಕಳಿಸಿದ ಬೋಲ್ಟುಗಳನ್ನು ಬಿಟ್ಟುಬಿಡಬೇಕಂತೆ." ಅವರು ಅದನ್ನೇ ಓದಿದರು, ನಾನು ಹೂಂ ಅಂದೆ. ಎಲ್ಲ ಬಿಗಿದು ಕೈ ಒರೆಸಿಕೊಂಡ ನಿನಗೆ ಅದರ ಅರ್ಥ ಒಂದೇ ಅಲ್ಲವೇ, ಮುಟ್ಟಬೇಡ, ಇದ್ದ ಹಾಗೇ ಇರಲಿ ಅಂತ. ಫೋನ್ ಮತ್ತೆ ಹತ್ತುತ್ತಿಲ್ಲ. ಮಾವನೇ ಲಾರಿ ಹತ್ತಿ ಬರುತ್ತಿದ್ದಾನೆ. ಅವನು ಬಾಯಲ್ಲಿ ಏನು ಹೇಳುತ್ತಾನೋ ಕೇಳಬೇಡ, ಇದನ್ನು ಓದು. ಚೀಟಿ ಹರಿದುಹಾಕು. ಕುರ್ಚಿಗಳ ಕೆಳಗೆ ಯಾರನ್ನೂ ನಿಲ್ಲಿಸಬೇಡ, ಎಲ್ಲವನ್ನೂ ನೆಲಕ್ಕಿಳಿಸಿ ಬೋಲ್ಟು ಬಿಚ್ಚಿಸು. ಕುರ್ಚಿಯಲ್ಲಿ ಕೂತೇ ಓದುತ್ತಿದ್ದರೆ ಈಗಲೇ ಇಳಿ ಮಗಳೇ. ಬಾಗಿಲ ಹಿಂದೆ ಮೂರನೆಯದು ಬಿತ್ತು.