ತೂತಿಲ್ಲದ ಕರಿಬೇವು

ರಾಯಪುರಂ, ಮಂಗಳವಾರ

ಸುಮತಿ ಆಂಟಿಯವರಿಗೆ ನಮಸ್ಕಾರ.

ನಿನ್ನೆ ನನ್ನ ಪಿಎಚ್‌ಡಿ ಗೈಡ್ ಬರುವ ಮುಂಚೆ ನೀವು ತಾರಸಿ ಗುಡಿಸಿ, ನನ್ನ ಕರಿಬೇವಿನ ಕುಂಡಗಳಿಗೆಲ್ಲ ಹುಳದ ಔಷಧಿ ಹೊಡೆದಿರಿ. “ಅಷ್ಟು ದೊಡ್ಡೋರು ಬರ್ತಾರೆ, ಹುಳ ತಿಂದ ಗಿಡ ತೋರ್ಸಿದ್ರೆ ಅಸಹ್ಯವಾಗಿರಲ್ವಾ ಕಣ್ಣಾ?” ಎಂದಿರಿ. ನನ್ನ ಮೇಲಿನ ಅಕ್ಕರೆಯಿಂದಲೇ ಮಾಡಿದಿರಿ. ಅದಕ್ಕೇ ಎದುರಿಗೆ ಹೇಳಲು ಬಾಯಿ ಬರಲಿಲ್ಲ.

ಅವರು ನೋಡಲು ಬಂದದ್ದೇ ಆ ಹುಳಗಳನ್ನು. ಕರಿಬೇವು ತಿಂದು ಅವು ಚಿಟ್ಟೆಯಾಗುತ್ತವೆ. ಊರಿನ ಬಿಸಿಲು ಏರುತ್ತಿರುವಾಗ ಈ ಚಿಟ್ಟೆಗಳು ಎಲ್ಲೆಲ್ಲಿ ಉಳಿದಿವೆ ಎಂಬುದೇ ನನ್ನ ಸಂಶೋಧನೆ. ಇದೇ ಊರಿನ ನುಂಗಂಬಾಕ್ಕಂನ ತಾರಸಿಗಳಿಗೆ ಅವು ಬರುವುದು ಹೋದ ವರ್ಷವೇ ನಿಂತಿತು. ನಾನು ನೋಡುತ್ತಿದ್ದ ಮನೆಗಳಲ್ಲಿ ಉಳಿದದ್ದು ನಿಮ್ಮದೊಂದೇ.

ಗೈಡ್ ಎಲೆಗಳನ್ನು ಮಗುಚಿ ನೋಡಿ, ನೀವು ಕೊಟ್ಟ ಕಾಫಿ ಕುಡಿದು ಹೋದರು.

ಆ ಎಲೆಗಳನ್ನು ಸದ್ಯಕ್ಕೆ ಒಗ್ಗರಣೆಗೆ ಹಾಕಬೇಡಿ, ನಿಮ್ಮ ಮನೆಯಲ್ಲಿ ಮಗುವಿದೆ. ಮಾರ್ಕೆಟ್ಟಿನಿಂದ ಬೇರೆ ತಂದು ನಿಮ್ಮ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೇನೆ.

ಹಳೆಯ ಸೀರೆ ಇದ್ದರೆ ಒಂದು ಕೊಡಿ, ಔಷಧಿಯ ವಿಷ ಇಳಿಯುವವರೆಗೆ ಕುಂಡಗಳಿಗೆ ಹೊದಿಸಬೇಕು. ಇವತ್ತು ಬೆಳಿಗ್ಗೆ ಒಂದು ಚಿಟ್ಟೆ ಬಂದಿತ್ತು. ನಾನು ಓಡಿಸುವಷ್ಟರಲ್ಲಿ ಔಷಧಿ ಬಿದ್ದ ಅದೇ ಎಲೆಗಳ ಮೇಲೆ ಮೊಟ್ಟೆ ಇಟ್ಟು ಹೋಯಿತು.

ನಿಮ್ಮ ಮಹಡಿ ಮನೆಯ
ತೇಜು