ಆನೆಗೊಂದಿಯಿಂದ ಕೆಳಗಿನ ಹೊಳೆ

ರಾಮಕೃಷ್ಣನಗರ, ಮೈಸೂರು
27 ಅಕ್ಟೋಬರ್ 2024, ಭಾನುವಾರ

ಪ್ರೀತಿಯ ಅವ್ವನಿಗೆ ನಿನ್ನ ಅನು ಮಾಡುವ ನಮಸ್ಕಾರ.

ಮೊನ್ನೆ ತಾನೆ ಫೋನಿನಲ್ಲಿ ಮಾತಾಡಿದವಳು ಈಗ ಕಾಗದ ಯಾಕೆ ಬರೆದಳು ಅನ್ನಿಸಬಹುದು ನಿನಗೆ. ಫೋನು ಪ್ರೇಮಣ್ಣನ ಕೈಯಲ್ಲಿರುತ್ತದೆ. ಅವನು ಸ್ಪೀಕರ್ ಹಾಕಿ ಅಡುಗೆಮನೆ ಕಟ್ಟೆಯ ಮೇಲಿಡುತ್ತಾನೆ, ಅತ್ತಿಗೆಯೂ ಮಾತಿಗೆ ಸೇರಿಕೊಳ್ಳುತ್ತಾರೆ. ಇದು ಹಾಗೆ ಹೇಳುವ ವಿಷಯವಲ್ಲ. ಅಂಗನವಾಡಿಯಲ್ಲಿ ಅಷ್ಟು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು ನೀನು. ಮಧ್ಯಾಹ್ನ ಮನೆ ಖಾಲಿಯಾದಾಗ ಒಬ್ಬಳೇ ಕೂತು ಓದಿಕೊ.

ದಸರಾ ರಜೆಗೆ ಮೇಲುಕೋಟೆಗೆ ಹೋಗುತ್ತೇನೆ, ಅಲ್ಲಿನ ಹಳೆಯ ಛತ್ರಗಳನ್ನು ನೋಡಿ ಪಿಎಚ್‌ಡಿಗೆ ಬರೆದುಕೊಳ್ಳಬೇಕು ಎಂದು ಹೇಳಿದ್ದೆನಲ್ಲ, ಹೋಗಿದ್ದು ಮೇಲುಕೋಟೆಗಲ್ಲ ಅವ್ವ. ಆನೆಗೊಂದಿಗೆ ಹೋಗಿದ್ದೆ. ಯಶೋಧಕ್ಕ ಹೊಳೆ ಪಾಲಾದ ಊರಿಗೆ.

ನೀನು ಹೆದರಬೇಡ, ಕ್ಷೇಮವಾಗಿ ವಾಪಸು ಬಂದಿದ್ದೇನೆ. ಆದರೆ ಯಾಕೆ ಹೋದೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ನನ್ನ ದಿನಗಳು ಹೇಗೆ ಕಳೆಯುತ್ತವೆ ಎಂದು ನಿನಗೆ ಗೊತ್ತು. ಹಗಲು ಸ್ಕೂಲು, ಹೈಸ್ಕೂಲು ಮಕ್ಕಳಿಗೆ ಸಮಾಜ ವಿಜ್ಞಾನ. ಸಂಜೆ ಮಾನಸಗಂಗೋತ್ರಿಯ ಲೈಬ್ರರಿ. ಎರಡು ದಿನ ರಜೆ ಸಿಕ್ಕಿದರೆ ಬ್ಯಾಗು ಹೆಗಲಿಗೇರಿಸಿ ಬಸ್ ಸ್ಟ್ಯಾಂಡು. ಸ್ಟಾಫ್ ರೂಮಿನಲ್ಲಿ ಮೂರನ್ನೂ ಹೇಗೆ ನಿಭಾಯಿಸುತ್ತೀರಿ ಎಂದು ಕೇಳುತ್ತಿರುತ್ತಾರೆ. ಉತ್ತರ ಪತ್ರಿಕೆಗಳನ್ನು ಬಸ್ಸಿನಲ್ಲಿ ತಿದ್ದುತ್ತೇನೆ, ಅಧ್ಯಾಯಗಳನ್ನು ಲಾಡ್ಜಿನ ಮಂಚದ ಮೇಲೆ ಬರೆಯುತ್ತೇನೆ ಎಂದು ನಗುತ್ತೇನೆ. ಕೇಳಿದವರಿಗೆ ಖುಷಿಯಾಗುತ್ತದೆ.

ಈ ಮೂರೂ ಅಕ್ಕನವು ಅವ್ವ. ಟ್ಯುಟೋರಿಯಲ್‌ನಲ್ಲಿ ಪಾಠ ಮಾಡಿಕೊಂಡು ಗಂಗೋತ್ರಿಯಲ್ಲಿ ಎಂ.ಎ. ಓದಿದವಳು ಅವಳು. ಸಂಬಳ ಬಂದ ವಾರ ಯಾವುದೋ ಊರಿನ ಬಸ್ಸು ಹತ್ತುತ್ತಿದ್ದವಳೂ ಅವಳೇ. ನಾನು ಕೊಳ್ಳೇಗಾಲದಲ್ಲಿ ಹತ್ತಿದರೆ ನರಸೀಪುರ ಬರುವುದರೊಳಗೆ ಕಿಟಕಿಯಾಚೆ ತಲೆ ಹಾಕಿ ವಾಂತಿ ಮಾಡಿಕೊಳ್ಳುತ್ತಿದ್ದ ಹುಡುಗಿ. ಅವಳು ಹೋದ ಮೇಲೆ ಅವಳ ಬದುಕನ್ನು ಎತ್ತಿ ಯಾವಾಗ ಮೈಮೇಲೆ ಹಾಕಿಕೊಂಡೆನೋ ತಿಳಿಯದು. ಮೊದಲು ಅಳತೆಗೆ ಕೂರುತ್ತಿರಲಿಲ್ಲ. ಬರುಬರುತ್ತ ಒಗ್ಗಿತು. ಈಗ ಪಾಠ ಮಾಡುವುದು, ಹೊಸ ಊರಿನಲ್ಲಿ ಬೆಳಗಿನ ಕಾಫಿ ಕುಡಿಯುವುದು, ಎರಡೂ ನಿಜವಾಗಿ ಇಷ್ಟ. ಅದರಲ್ಲಿ ಸುಳ್ಳಿಲ್ಲ.

ಆದರೆ ಯಾವ ಊರಿಗೆ ಹೋದರೂ ನಾನು ಕೋಟೆ ಗುಡಿಗಳಿಗಿಂತ ಮೊದಲು ನೋಡುವುದು ಹೆಂಗಸರನ್ನು. ಸಂತೆಯಲ್ಲಿ, ಬಸ್ಸಿನ ಮುಂದಿನ ಸೀಟಿನಲ್ಲಿ, ನಲ್ಲಿಯ ಹತ್ತಿರ. ಆನೆಗೊಂದಿಯಲ್ಲೇ ಸುಟ್ಟು ಅಪ್ಪ ತಂದ ಅವಳ ಬೂದಿಯನ್ನು ನರಸೀಪುರದ ಸಂಗಮದಲ್ಲಿ ಬಿಟ್ಟಾಗ ನಾನೂ ನೀರಿನಲ್ಲಿ ನಿಂತಿದ್ದೆ. ಆದರೂ ಕಣ್ಣು ಹುಡುಕುತ್ತದೆ. ಇದೇ ಜುಲೈನಲ್ಲಿ ಅಗ್ರಹಾರದಲ್ಲಿ ಹೂವು ಕೊಳ್ಳುತ್ತಿದ್ದೆ. ಒಬ್ಬಳು ಎಡಗೈಯಲ್ಲಿ ಸೆರಗು ಹಿಡಿದು, ಅಕ್ಕನ ಹಾಗೆ ಸ್ವಲ್ಪ ಮುಂದಕ್ಕೆ ಬಾಗಿ ನಡೆದು ಹೋದಳು. ಹೂವು ಅಲ್ಲೇ ಬಿಟ್ಟು ಅವಳ ಹಿಂದೆ ಹೋದೆ. ವಿದ್ಯಾರಣ್ಯಪುರಂವರೆಗೂ ಹೋದೆ. ಒಂದು ಗೇಟಿನ ಮುಂದೆ ನಿಂತು ತಿರುಗಿದಳು. ನಡುವಯಸ್ಸಿನವಳು, ನೋಡಿಯೇ ಇಲ್ಲದ ಮುಖ. "ಆವಾಗಿಂದ ಹಿಂದೆನೇ ಬತ್ತಾ ಇದ್ದೀರಲ್ಲ, ಯಾರ್ ಬೇಕಿತ್ತಮ್ಮ?" ಎಂದು ಕೇಳಿದಳು. ಅವಳು ಒಳಗೆ ಹೋಗಿ ಗೇಟಿಗೆ ಬೀಗ ಹಾಕಿಕೊಂಡಳು.

ಆಮೇಲೆ ಒಂಬತ್ತನೇ ಕ್ಲಾಸಿನಲ್ಲಿ ಹಾಜರಿ ಕರೆಯುವಾಗ ಇನ್ನೊಂದು ನಡೆಯಿತು. ಎಲ್ಲ ಹೆಸರು ಮುಗಿಸಿ "ಯಶೋಧಾ" ಎಂದು ಕರೆದಿದ್ದೇನೆ. ಯಾರೂ ಎದ್ದು ನಿಲ್ಲಲಿಲ್ಲ. ಮತ್ತೊಮ್ಮೆ ಕರೆದೆನಂತೆ. ಬಿಂದುಶ್ರೀ ಎಂಬ ಹುಡುಗಿ ಎದ್ದು, "ಮಿಸ್, ಆ ಹೆಸರಿನವರು ನಮ್ಮ ಕ್ಲಾಸಲ್ಲಿ ಯಾರೂ ಇಲ್ಲ ಮಿಸ್" ಎಂದಳು. ಮಕ್ಕಳು ನಗಲಿಲ್ಲ ಅವ್ವ. ನಕ್ಕಿದ್ದರೆ ಚೆನ್ನಾಗಿತ್ತು.

ಗೈಡ್ ಚೂಡಾಮಣಿ ಮೇಡಂ ಕೂಡ ಅದೇ ವಾರ ಕರೆಸಿದ್ದರು. ನಾನು ಬರೆಯುತ್ತಿರುವುದು ದಾರಿಹೋಕರು ಇಳಿದುಕೊಳ್ಳುತ್ತಿದ್ದ ಛತ್ರಗಳ ಚರಿತ್ರೆ. ಕೊಟ್ಟ ಅಧ್ಯಾಯವನ್ನು ಮೇಜಿನ ಮೇಲಿಟ್ಟು, "ಅನುಪಮಾ, ಕಟ್ಟಿಸಿದವರು ಯಾರು, ಖರ್ಚು ಎಲ್ಲಿಂದ ಬರ್ತಿತ್ತು ಅನ್ನೋದು ಇದ್ರಲ್ಲಿ ಇಲ್ವೇ ಇಲ್ಲ. ಬಂದು ಹೋದವರು ಆಮೇಲೆ ಎಲ್ಲಿಗೆ ಹೋದ್ರು ಅಂತಲೇ ಬರೀತಿದ್ದೀರಿ. ಯಾರನ್ನ ಹುಡುಕ್ತಾ ಇದ್ದೀರಿ?" ಎಂದರು. ಡಿಸೆಂಬರಿನೊಳಗೆ ತಿದ್ದಿ ಕೊಡದಿದ್ದರೆ ಅವಧಿ ಮುಗಿಯುತ್ತದೆ ಎಂದೂ ಹೇಳಿದರು.

ಅವತ್ತೇ ತೀರ್ಮಾನ ಮಾಡಿದೆ. ಅಕ್ಕನನ್ನು ಸುಟ್ಟ ಜಾಗವನ್ನು ಒಂದು ಸಲ ಕಣ್ಣಾರೆ ನೋಡಿಬಿಟ್ಟರೆ ಈ ಹುಡುಕಾಟ ನಿಲ್ಲುತ್ತದೆ ಅನ್ನಿಸಿತು. ಹೊಸಪೇಟೆಯವರೆಗೆ ರೈಲು, ಅಲ್ಲಿಂದ ಬಸ್ಸು. ಅಕ್ಕನನ್ನು ಹುಡುಕಲು ಹೋದಾಗ ಶಿವರುದ್ರಪ್ಪ ಎಂಬುವವರು ತಮ್ಮ ಮನೆಯಲ್ಲಿ ಇರಿಸಿಕೊಂಡು ಊಟ ಹಾಕಿದರು ಎಂದು ಅಪ್ಪ ಇದ್ದಾಗ ಹೇಳುತ್ತಿದ್ದರಲ್ಲ, ಆ ಹೆಸರೊಂದೇ ನನಗೆ ಗೊತ್ತಿದ್ದದ್ದು. ಕೇಳಿದ ಕೂಡಲೇ ಮನೆ ತೋರಿಸಿದರು. ಈಗ ತುಂಬ ವಯಸ್ಸಾಗಿದೆ. ನಾನು ಮೂಗಯ್ಯನವರ ಕಿರಿಮಗಳು ಎಂದೆ. ಅವರು ಎದ್ದು ನಿಂತು, ಸೊಸೆಯನ್ನು ಕರೆದು ಚಹಾ ಮಾಡಲು ಹೇಳಿದರು.

ಸುಟ್ಟ ಜಾಗ ತೋರಿಸಿ ಎಂದು ಕೇಳಿದೆ. ಚಹಾ ಆರಿಹೋಯಿತು. ಆಮೇಲೆ, "ಏನ್ ತೋರಿಸ್ಲಿ ತಂಗಿ? ಸುಡಾಕ ಏನಿತ್ತು? ಏನೂ ಸಿಗಲಿಲ್ಲ" ಎಂದರು.

ಅವ್ವ, ಇಲ್ಲಿಂದ ಮುಂದೆ ಬರೆಯಲು ನನ್ನ ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಬಂಡೆಯ ಮೇಲೆ ಅವಳ ಬ್ಯಾಗು, ಚಪ್ಪಲಿ ಇದ್ದವಂತೆ. ಮಳೆಗಾಲ, ಹೊಳೆ ತುಂಬಿ ಹರಿಯುತ್ತಿತ್ತು. ಅಪ್ಪ ದಿನಾ ಬೆಳಿಗ್ಗೆ ಎದ್ದು ದಂಡೆ ಹಿಡಿದು ಕೆಳಗೆ ನಡೆದುಕೊಂಡು ಹೋಗಿ ಸಂಜೆ ಬರುತ್ತಿದ್ದರಂತೆ. ಶಿವರುದ್ರಪ್ಪನವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಕಡೀ ದಿನ ನಮ್ಮ ನೀರೊಲಿ ಮುಂದ ಕುಂತ್ರು. ಒಂದ್ ಹಿಡಿ ಬೂದಿ ಕೊಡ್ರಿ ಅಂದ್ರು. ಖಾಲಿ ಕೈಲೆ ಹೋದ್ರ ಆಕಿ ಅವ್ವ ಬಸ್‌ಸ್ಟ್ಯಾಂಡ್ ಬಿಟ್ಟು ಮನಿಗೆ ಬರಂಗಿಲ್ರಿ ಅಂದ್ರು. ನಾನ ಗಡಗಿಗೆ ತುಂಬಿ, ಬಿಳಿ ಅರಿವಿ ಕಟ್ಟಿ ಕೊಟ್ಟೆ. ತಪ್ಪಾಗಿದ್ರ ನನ್ನ ತಪ್ಪು."

ನಾವು ಸಂಗಮದಲ್ಲಿ ಬಿಟ್ಟದ್ದು ನೀರೊಲೆಯ ಬೂದಿ. ಆ ಬೂದಿಗೇ ಅಳುತ್ತಾ ಕೈ ಮುಗಿದದ್ದು.

ಅಪ್ಪನ ಮೇಲೆ ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ. ಹೊಳೆ ದಂಡೆಯಲ್ಲಿ ಒಬ್ಬರೇ ನಡೆಯುತ್ತಿರುವುದು ಕಾಣುತ್ತದೆ, ಅಷ್ಟೆ. ಮೈಸೂರಿಗೆ ವಾಪಸು ಬಂದ ಮೇಲೆ ಎಲ್ಲ ಕೆಟ್ಟಿದೆ. ಮೊದಲು ಕಣ್ಣು ಹುಡುಕಿದರೆ ಹುಚ್ಚು ಎಂದು ನನಗೆ ನಾನೇ ಗದರಿಕೊಳ್ಳಬಹುದಿತ್ತು. ಈಗ ಹಾಗೆ ಗದರಲು ಯಾವ ಆಧಾರವೂ ಇಲ್ಲ. ಬೋರ್ಡಿನ ಮೇಲೆ ನದಿಗಳ ಭೂಪಟ ಬರೆಯುತ್ತಾ ತುಂಗಭದ್ರೆಯ ಹತ್ತಿರ ಸೀಮೆಸುಣ್ಣ ನಿಂತುಬಿಡುತ್ತದೆ. ಬದುಕಿದ್ದು ಎಲ್ಲಾದರೂ ತಲೆಗೆ ಪೆಟ್ಟು ಬಿದ್ದು, ಹೆಸರು ಮರೆತು, ಯಾರದೋ ಮನೆಯಲ್ಲಿ ಇದ್ದರೆ? ಯಾರೂ ಹುಡುಕಲಿಲ್ಲ ಎಂದುಕೊಂಡಿದ್ದರೆ?

ಇದನ್ನು ನಿನಗೆ ಹೇಳಬಾರದು ಎಂದೇ ಇದ್ದೆ. ಹೇಳಿದರೆ ನೀನು ಆಗಿನ ಹಾಗೆ ಮತ್ತೆ ಅವಳ ದಾರಿ ಕಾಯುತ್ತಾ ಬಸ್ ಸ್ಟ್ಯಾಂಡಿನಲ್ಲಿ ಹೋಗಿ ಕೂರುತ್ತೀಯೇನೋ ಎಂಬ ಭಯ. ಆದರೆ ಹೇಳದೆ ಇರಲು ನನ್ನ ಕೈಲಾಗುತ್ತಿಲ್ಲ. ಕ್ಷಮಿಸು.

ನಿನ್ನ
ಅನು

ತಾ.ಕ.: ಇನ್ನೊಂದು ಮಾತು. ಸ್ಕೂಲಿಗೆ ರಾಜೀನಾಮೆ ಬರೆದಿಟ್ಟಿದ್ದೇನೆ. ಪಿಎಚ್‌ಡಿಯನ್ನೂ ಬಿಡುತ್ತೇನೆ. ಕಂಪ್ಲಿಯಿಂದ ಶುರುಮಾಡಿ ಹೊಳೆಯ ದಂಡೆಯ ಊರುಗಳಲ್ಲೆಲ್ಲ ವಿಚಾರಿಸಿಕೊಂಡು ಕೆಳಗೆ ಹೋಗುವುದು ಎಂದುಕೊಂಡಿದ್ದೇನೆ. ಎಷ್ಟು ಕಾಲ ಹಿಡಿಯುತ್ತದೋ ಗೊತ್ತಿಲ್ಲ. ನಿನ್ನ ಉತ್ತರ ಬರುವವರೆಗೆ ಹೆಡ್‌ಮಾಸ್ಟರಿಗೆ ಕೊಡುವುದಿಲ್ಲ.

*

ಕೊಳ್ಳೇಗಾಲ
6-11-2024

ಚಿರಂಜೀವಿ ಅನುಪಮಳಿಗೆ ನಿನ್ನ ಅವ್ವ ಸೋಮಮ್ಮ ಮಾಡುವ ಆಶೀರ್ವಾದ.

ನಿನ್ನ ಕಾಗದ ಬಂತು. ಎರಡು ದಿನ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ನನಗೆ ನಿನ್ನ ಹಾಗೆ ಬರೆಯಲು ಬರುವುದಿಲ್ಲ, ಬಂದ ಹಾಗೆ ಬರೆಯುತ್ತೇನೆ.

ಅದು ಒಲೆಯ ಬೂದಿ ಎಂದು ನನಗೆ ಗೊತ್ತು ಮಗ. ಸಂಗಮದಲ್ಲಿ ಬಿಟ್ಟು ಬಂದು, ನೀನೂ ಪ್ರೇಮನೂ ಬಟ್ಟೆ ಬದಲಾಯಿಸಲು ಹೋದಿರಲ್ಲ, ಆಗ ನಿಮ್ಮಪ್ಪ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತರು. "ಸೋಮಿ, ಅದು ನಮ್ ಕೂಸಲ್ಲ ಕಣಮ್ಮಿ. ನನ್ ಕೈಲಿ ಆಗ್ನಿಲ್ಲ, ಸಿಕ್ನಿಲ್ಲ" ಅಂದರು. ಬರೀ ಅಷ್ಟು ಹೇಳಿ ಮುಖಕ್ಕೆ ಟವೆಲ್ಲು ಹಾಕಿಕೊಂಡರು. ಅವತ್ತು ನಾನು ಅವರನ್ನು ಬಯ್ಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ನೀನು ಒದ್ದೆ ತಲೆಯಲ್ಲಿ ಬರುತ್ತಿರುವುದು ಕಂಡಿತು. ನೀನಾಗ ಡಿಗ್ರಿ ಎರಡನೇ ವರ್ಷ. ಊಟ ಬಿಟ್ಟು ಕಡ್ಡಿಯಾಗಿದ್ದೆ. ಬೂದಿ ಬಿಟ್ಟ ಆ ಮಧ್ಯಾಹ್ನ ಮೊದಲ ಸಲ ಹಸಿವು ಅಂದೆ. ಸಂಗಮದ ಹತ್ತಿರದ ಹೋಟೆಲಿನಲ್ಲಿ ನೀನು ಅನ್ನ ಉಣ್ಣುವುದನ್ನು ನೋಡುತ್ತಾ ನಾವಿಬ್ಬರೂ ಮಾತಾಡದೆಯೇ ಒಪ್ಪಿಕೊಂಡೆವು. ನೀನು ಬದುಕಲಿ ಎಂದು ಅವಳನ್ನು ಸಾಯಿಸಿದೆವು. ಇದಕ್ಕಿಂತ ಬೇರೆ ಮಾತು ನನಗೆ ಗೊತ್ತಿಲ್ಲ.

ಈಗ ನಿನ್ನ ರಾಜೀನಾಮೆಗೆ ಬರುತ್ತೇನೆ. ನಾವು ಗಂಡ ಹೆಂಡತಿ ವರ್ಷ ವರ್ಷ ನಾಗಪುರದ ದೀಕ್ಷಾಭೂಮಿಗೆ ಹೋಗಿಬರುತ್ತೇವೆ ಎಂದು ಹೇಳಿ ಹೋಗುತ್ತಿದ್ದೆವಲ್ಲ. ನಾಗಪುರಕ್ಕೆ ಹೋದದ್ದು ಒಂದೇ ಸಲ. ಉಳಿದ ವರ್ಷಗಳೆಲ್ಲ ಆ ಹೊಳೆಯ ದಂಡೆಗೆ ಹೋಗಿದ್ದೆವು. ಕಂಪ್ಲಿ, ಸಿರುಗುಪ್ಪ, ಮಂತ್ರಾಲಯ, ಅದರಾಚೆ ತೆಲುಗಿನವರ ಊರುಗಳು. ಭಾಷೆ ಬಾರದ ಕಡೆ ಫೋಟೋ ಮುಂದೆ ಹಿಡಿದು ನಿಲ್ಲುತ್ತಿದ್ದೆವು. ಅಗಸರನ್ನು, ಮೀನು ಹಿಡಿಯುವವರನ್ನು, ಆಸ್ಪತ್ರೆಯ ಆಯಾಗಳನ್ನು, ಗುಡಿ ಮುಂದೆ ಕೂತವರನ್ನು, ಎಲ್ಲರನ್ನೂ ಕೇಳಿದೆವು. ಒಂದು ಊರಿನಲ್ಲಿ ಹೌದು, ಇಂಥವಳೇ ಒಬ್ಬಳು ಇದ್ದಾಳೆ ಎಂದು ಕರೆದುಕೊಂಡು ಹೋದರು. ನಿಮ್ಮಪ್ಪ ಓಡಿದರು, ಅವರು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಯಾರದೋ ಮಗಳು. ನಾವು ಅವಳಿಗೆ ಒಂದು ಸೀರೆ ಕೊಡಿಸಿ ಬಂದೆವು. ಕಾಲು ಊದಿಕೊಳ್ಳುವವರೆಗೂ ನಿಮ್ಮಪ್ಪ ಹೋಗುವುದನ್ನು ಬಿಡಲಿಲ್ಲ.

ನೀನು ನಡೆಯಬೇಕೆಂದಿರುವ ದಾರಿಯನ್ನು ನಾವು ನಡೆದಿದ್ದೇವೆ ಕಣವ್ವ. ಯಾರೂ ಹುಡುಕಲಿಲ್ಲ ಎಂದು ಅವಳು ಎಲ್ಲಿದ್ದರೂ ಅಂದುಕೊಳ್ಳುವ ಹಾಗಿಲ್ಲ. ಆ ಕೆಲಸ ನಮ್ಮದಾಗಿತ್ತು, ನಿನಗೆ ಉಳಿಸಿಲ್ಲ. ರಾಜೀನಾಮೆ ಹರಿದು ಒಲೆಗೆ ಹಾಕು. ಆ ಮೇಡಮ್ಮನವರು ಕೇಳಿದ್ದನ್ನು ಬರೆದುಕೊಡು. ಛತ್ರ ಕಟ್ಟಿಸಿದವರು ಯಾರು, ಅಕ್ಕಿ ಬೇಳೆ ಎಲ್ಲಿಂದ ಬರುತ್ತಿತ್ತು, ಅದನ್ನೂ ತಿಳಿದುಕೊಳ್ಳಬೇಕು. ದಾರಿಯಲ್ಲಿ ಬಂದವರಿಗೆ ಯಾರೋ ಅನ್ನ ಬೇಯಿಸಿದ್ದಾರೆ. ನಮಗೂ ಎಷ್ಟೋ ಕಡೆ ಹಾಗೆ ಹಾಕಿದ್ದಾರೆ.

ಊರು ಸುತ್ತುವುದನ್ನು ಬಿಡಬೇಡ. ನೀನು ಬ್ಯಾಗು ಹಾಕಿಕೊಂಡು ಹೊರಟಾಗ ಒಂದು ದಿನವೂ ನಾನು ಬೇಡ ಅನ್ನಲಿಲ್ಲ. ಮಗಳೊಬ್ಬಳನ್ನು ಕಳೆದುಕೊಂಡವಳು ಯಾಕೆ ತಡೆಯಲಿಲ್ಲ ಎಂದು ನಿಮ್ಮತ್ತಿಗೆ ಕೂಡ ಕೇಳಿದ್ದಾಳೆ. ನನಗೆ ಆಸೆ ಇತ್ತು. ನೀನು ಎಲ್ಲಾದರೂ ಅವಳ ಎದುರಿಗೆ ಹೋಗಿ ನಿಲ್ಲುತ್ತೀಯೇನೋ ಎಂಬ ಆಸೆ. ನಿನಗೆ ತಿಳಿಸದೆ ನಿನ್ನನ್ನು ಅದಕ್ಕೆ ಕಳಿಸುತ್ತಿದ್ದೆ. ಇನ್ನು ಕಳಿಸುವುದಿಲ್ಲ. ಇನ್ನುಮೇಲೆ ಹೋದರೆ ಗುಡಿ ನೋಡು, ಕೆರೆ ನೋಡು, ನಿನಗೆ ಬೇಕಾದ್ದು ತಿನ್ನು. ಹೆಂಗಸರ ಮುಖ ನೋಡಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಪ್ರೇಮನಿಗೆ ಇದು ಯಾವುದೂ ಗೊತ್ತಿಲ್ಲ, ನಾನೇ ಹೇಳುತ್ತೇನೆ.

ಇಂತಿ ನಿನ್ನ ಅವ್ವ,
ಸೋಮಮ್ಮ

ತಾ.ಕ.: ಬೇಸಿಗೆ ರಜೆಗೆ ನನ್ನನ್ನೂ ಒಂದು ಕಡೆ ಕರೆದುಕೊಂಡು ಹೋಗು. ಆ ಹೊಳೆ ಕೃಷ್ಣೆಗೆ ಸೇರಿ, ಕೃಷ್ಣೆ ಆಂಧ್ರದ ಕಡೆ ಸಮುದ್ರಕ್ಕೆ ಸೇರುತ್ತದಂತೆ. ನಿಮ್ಮಪ್ಪನಿಗೆ ಅಲ್ಲಿಯವರೆಗೆ ಹೋಗಲು ಆಗಲಿಲ್ಲ. ಸುಮ್ಮನೆ ಸಮುದ್ರ ನೋಡಿಕೊಂಡು ಬರೋಣ ಅಂತ. ಅವಳ ಫೋಟೋ ನನ್ನ ಹತ್ತಿರ ಇದೆ, ನಾನೇ ತರುತ್ತೇನೆ.