ನೀವು ತೋರಿಸದ ಹನ್ನೊಂದು ನಿಮಿಷ

ಕ್ರೀಡಾ ವಾಹಿನಿಯ ಮಾನ್ಯ ಪ್ರಸಾರ ಮುಖ್ಯಸ್ಥರೇ,

ಕಳೆದ ತಿಂಗಳು ಮಹಿಳಾ ಫುಟ್‌ಬಾಲ್ ಲೀಗಿನ ಕೊನೆಯ ದಿನ, ಮಣಿಪಾಲದ ಪಂದ್ಯದಲ್ಲಿ ಹನ್ನೊಂದು ನಿಮಿಷ ಆಟ ಬಾಕಿ ಇರುವಾಗ ನಿಮ್ಮ ವಾಹಿನಿ ಅದನ್ನು ಕೈಬಿಟ್ಟು ಬೆಂಗಳೂರಿನಲ್ಲಿ ಕೇಕ್ ಕತ್ತರಿಸುವುದನ್ನು ತೋರಿಸಿತು. ಆಮೇಲೆ, ತಾನು ತೋರಿಸದ ಆ ಪಂದ್ಯದ ಫಲಿತಾಂಶವನ್ನು ತಪ್ಪಾಗಿ ಹೇಳಿತು. ಆ ತಪ್ಪು ಇಂದಿಗೂ ನಿಮ್ಮ ಜಾಲತಾಣದಲ್ಲಿ ಹಾಗೇ ಕುಳಿತಿದೆ, ಮತ್ತು ಇಪ್ಪತ್ತೊಂದು ವರ್ಷದ ಗೋಲ್‌ಕೀಪರ್ ಒಬ್ಬಳ ಮುಂದಿನ ದಾರಿಗೆ ಅಡ್ಡವಾಗಿದೆ. ನಿಮ್ಮ ಕಚೇರಿಗೆ ನಾಲ್ಕು ಸಲ ಫೋನ್ ಮಾಡಿದೆ, ಎರಡು ಪತ್ರ ಬರೆದೆ. ಪತ್ರಗಳಿಗೆ ಉತ್ತರ ಬರಲಿಲ್ಲ. ಮೂರನೆಯದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಕಾಪು ಪೇಟೆಯಲ್ಲಿ ಹೊಲಿಗೆ ಅಂಗಡಿ ನಡೆಸುವವಳು. ಫುಟ್‌ಬಾಲಿಗೂ ನನಗೂ ಇರುವ ಸಂಬಂಧ ಒಂದು ಅಂಗಿಯದು. ಕಾರ್ಕಳದ ತಂಡ ತನ್ನ ಗೋಲ್‌ಕೀಪರ್ ಶಿಲ್ಪಾಳಿಗೆ ಗಂಡಸರ ಅಳತೆಯ ಜೆರ್ಸಿ ಕೊಟ್ಟಿತ್ತು. ತೋಳು ಬೆರಳ ತುದಿ ದಾಟುತ್ತಿತ್ತು. ಅದನ್ನು ಬಿಚ್ಚಿ ಅವಳ ಅಳತೆಗೆ ತಂದವಳು ನಾನು. ಅವಳ ತಾಯಿ ಅನ್ನಪೂರ್ಣ ಒಂಬತ್ತು ವರ್ಷದಿಂದ ನನ್ನ ಅಂಗಡಿಯಲ್ಲಿ ಹೆಮ್ಮಿಂಗ್, ಫಾಲ್, ಹುಕ್ಕಿನ ಕೆಲಸ ಮಾಡುತ್ತಾರೆ. ಗಂಡನಿಗೆ ಕಟ್ಟಡದ ಸೆಂಟ್ರಿಂಗ್ ಕೆಲಸ ಸಿಕ್ಕಿದ್ದರಿಂದ ಗಜೇಂದ್ರಗಡದ ಕಡೆಯಿಂದ ಇಲ್ಲಿಗೆ ಬಂದವರು.

ಕಾಪುವಿನಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಅಲ್ಲ. ಹೋಗಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅನ್ನಪೂರ್ಣ ಮೈದಾನಕ್ಕೆ ಬರಬಾರದೆಂಬುದು ಶಿಲ್ಪಾಳ ಕಟ್ಟಪ್ಪಣೆ. ಕಾರಣ ಕೇಳಿದ್ದಕ್ಕೆ ಅವಳು ನನಗೆ ಹೇಳಿದ್ದು ಇಷ್ಟು: "ಅವ್ವ ಬಂದ್ರ ನನ್ನ ಕಣ್ಣು ಬಾಲ್ ಮ್ಯಾಲೆ ಇರಂಗಿಲ್ಲ ಅಕ್ಕಾರ, ಆಕಿ ಮ್ಯಾಲೆ ಇರ್ತದ. ಹಿರಿಯಡ್ಕದ ಮ್ಯಾಚಿಗೆ ಬಂದಿದ್ಲು. ನನ್ನ ದಬ್ಬಿದ ಹುಡುಗಿನ್ನ ಬೈಯಾಕ ಗೆರಿ ದಾಟಿ ಒಳಗ ಬಂದುಬಿಟ್ಲು!" ಅನ್ನಪೂರ್ಣ ಇದನ್ನು ಅಲ್ಲಗಳೆಯಲಿಲ್ಲ. "ದಬ್ಬಿದ್ದು ಖರೆನ ಐತಿ," ಎಂದು ದಾರ ಕಚ್ಚಿ ತುಂಡರಿಸಿದರು.

ಹಾಗಾಗಿ ಅಂಗಡಿಯ ಟಿವಿಗೆ ನಿಮ್ಮ ವಾಹಿನಿಯನ್ನು ಹಾಕಿಸಿಕೊಂಡೆ. "ಎರಡು ಮೈದಾನ, ಒಂದು ಪರದೆ, ಒಂದು ಕ್ಷಣವೂ ತಪ್ಪದು" ಎಂದು ನೀವೇ ವಾರವಿಡೀ ಸಾರಿದ್ದಿರಿ. ಕೊನೆಯ ದಿನದ ಪಂದ್ಯಗಳನ್ನೆಲ್ಲ ಒಂದೇ ಹೊತ್ತಿಗೆ ಶುರು ಮಾಡುವ ನಿಯಮವಿದೆಯಂತೆ. ಬೇರೆ ಮೈದಾನದ ಫಲಿತಾಂಶ ತಿಳಿದುಕೊಂಡು ಯಾರೂ ಲೆಕ್ಕಾಚಾರದ ಆಟ ಆಡಬಾರದು ಎಂಬುದು ಅದರ ಉದ್ದೇಶ. ಬಹಳ ಒಳ್ಳೆಯ ನಿಯಮ. ಆಡುವವರ ಪ್ರಾಮಾಣಿಕತೆಗೆ ಇಷ್ಟು ಕಾಳಜಿ ವಹಿಸಿದವರು ತೋರಿಸುವವರ ಪ್ರಾಮಾಣಿಕತೆಗೆ ಯಾವ ನಿಯಮ ಮಾಡಿದ್ದಾರೆ? ಬೆಂಗಳೂರಿನಲ್ಲಿ ಪ್ರಶಸ್ತಿಯ ಪಂದ್ಯ. ಮಣಿಪಾಲದಲ್ಲಿ ಉಳಿವಿನ ಪಂದ್ಯ: ಕಾರ್ಕಳ ಡ್ರಾ ಮಾಡಿಕೊಂಡರೆ ಲೀಗಿನಲ್ಲಿ ಉಳಿಯುತ್ತದೆ, ಸೋತರೆ ಕೆಳಗಿನ ಹಂತಕ್ಕೆ ಇಳಿಯುತ್ತದೆ. ಎರಡರಲ್ಲಿ ಯಾವುದು ದೊಡ್ಡದು ಎಂದು ತೀರ್ಮಾನಿಸುವ ಅಧಿಕಾರವನ್ನು ನಿಮಗೆ ಯಾರು ಕೊಟ್ಟರೋ ತಿಳಿಯದು.

ಮಣಿಪಾಲದಲ್ಲಿ ಆಟಗಾರ್ತಿಯೊಬ್ಬಳ ಹಣೆ ಒಡೆದು ಆಟ ಕೆಲಹೊತ್ತು ನಿಂತಿತ್ತು. ಆದ್ದರಿಂದ ಬೆಂಗಳೂರಿನ ಪಂದ್ಯ ಮೊದಲು ಮುಗಿಯಿತು. ಇಲ್ಲಿ ಇನ್ನೂ ಹನ್ನೊಂದು ನಿಮಿಷ, ತಲಾ ಒಂದು ಗೋಲು. ಶಿಲ್ಪಾ ಕೈಗವಸು ಬಿಗಿಮಾಡಿಕೊಳ್ಳುತ್ತಿದ್ದಳು. ಅವಳು ಎರಡನೆಯ ಕೈಗವಸಿಗೆ ಬರುವ ಮೊದಲೇ ಪರದೆಯ ಮೇಲೆ ಪಟಾಕಿ ಸಿಡಿಯಿತು, ಅಲ್ಲಿ ಗೆದ್ದ ತಂಡದ ಮಾಲೀಕರು ಕುಟುಂಬಸಮೇತ ಕಾಣಿಸಿಕೊಂಡರು, ಮೂರಂತಸ್ತಿನ ಕೇಕ್ ಬಂತು.

ಪಕ್ಕದ ಬೇಕರಿಯ ಕಜೆಟನ್ ಪಂದ್ಯ ನೋಡಲು ಬಂದಿದ್ದರು. ಐದು ನಿಮಿಷವಾದರೂ ಕೇಕ್ ಪರದೆ ಬಿಟ್ಟು ಹೋಗದಿದ್ದಾಗ ಅವರಿಗೆ ತಡೆಯಲಿಲ್ಲ. "ಒಂದು ಕೇಕ್ ಕಟ್ ಮಾಡ್ಲಿಕ್ಕೆ ಇಷ್ಟು ಹೊತ್ತಾ ಮಾರಾಯ್ರೆ? ಚಾಕು ಹರಿತ ಇಲ್ವಾ ಎಂತ? ನಾನಾದ್ರೆ ಇಷ್ಟರಲ್ಲಿ ಐಸಿಂಗ್ ಹಾಕಿ ಪಡುಬಿದ್ರಿಗೆ ಡೆಲಿವರಿ ಕೊಟ್ಟು ಬರ್ತಿದ್ದೆ."

"ನಮ್ಮ ಹುಡುಗಿ ಎಲ್ಲಿ ಹೋದ್ಲರಿ ಅಕ್ಕಾರ?" ಎಂದರು ಅನ್ನಪೂರ್ಣ.

"ಬರ್ತಾಳೆ, ಸ್ವಲ್ಪ ತಡೀರಿ," ಎಂದೆ ನಾನು. ನಿಮ್ಮನ್ನು ನಂಬಿ ಹಾಗೆ ಹೇಳಿದ್ದು. ಆ ಮಾತಿಗೆ ಇವತ್ತೂ ನಾಚಿಕೆಯಾಗುತ್ತದೆ.

ಅವಳು ಬರಲಿಲ್ಲ. ಕೇಕಿನ ಕೆಳಗೆ ಒಂದು ಸಾಲು ಓಡಿತು: ಮಣಿಪಾಲದಲ್ಲಿ ಕಾರ್ಕಳದ ವಿರುದ್ಧ ಪೆನಾಲ್ಟಿ. ಅರ್ಧ ನಿಮಿಷದಲ್ಲಿ ಇನ್ನೊಂದು ಸಾಲು: ಕಾರ್ಕಳಕ್ಕೆ ಒಂದು, ಎದುರಾಳಿಗೆ ಎರಡು, ಕಾರ್ಕಳ ಲೀಗಿನಿಂದ ಹೊರಕ್ಕೆ. ಆಮೇಲೆ ನಿಮ್ಮ ಸ್ಟುಡಿಯೊದಲ್ಲಿ ಕೋಟು ತೊಟ್ಟ ಇಬ್ಬರು ತಜ್ಞರು ಕಾರ್ಕಳದ ಸೋಲಿಗೆ ಮೂರು ಕಾರಣ ಕೊಟ್ಟರು. ಅನ್ನಪೂರ್ಣ ಕೈಯಲ್ಲಿದ್ದ ಸೀರೆಯ ಫಾಲ್ ಒಂದು ಗೇಣು ಬಿಚ್ಚಿ, ಅದನ್ನೇ ಮತ್ತೆ ಹೊಲಿದರು. ಮತ್ತೆ ಬಿಚ್ಚಿದರು.

ಪಂದ್ಯ ಮುಗಿಯುವ ತನಕ ಆಟಗಾರ್ತಿಯರ ಫೋನು ಮ್ಯಾನೇಜರರ ಚೀಲದಲ್ಲಿರುತ್ತದೆ. ಇಪ್ಪತ್ತು ನಿಮಿಷದ ನಂತರ ಶಿಲ್ಪಾ ಫೋನ್ ಮಾಡಿದಳು. ಸುತ್ತಲಿನ ಗದ್ದಲ ನನಗೂ ಕೇಳುತ್ತಿತ್ತು. "ಅವ್ವ, ನೋಡಿದೇನು?" ಎಂದಳು.

ತಾಯಿ ಹೇಳಿದ್ದು: "ನೋಡೀನವ್ವ. ಇರ್ಲಿ ಬಿಡು. ಅಳಬ್ಯಾಡ. ಮುಂದಿನ ವರ್ಷ ಐತಿ."

ಮಾನ್ಯರೇ, ಆ ಪೆನಾಲ್ಟಿಯನ್ನು ಶಿಲ್ಪಾ ತಡೆದಿದ್ದಳು. ಬಲಕ್ಕೆ ಹಾರಿ, ಬೆರಳ ತುದಿಯಿಂದ ಚೆಂಡನ್ನು ಕಂಬದ ಆಚೆಗೆ ತಳ್ಳಿದ್ದಳು. ಪಂದ್ಯ ಡ್ರಾ ಆಯಿತು, ಕಾರ್ಕಳ ಲೀಗಿನಲ್ಲಿ ಉಳಿಯಿತು. ಜೊತೆಯವರು ಅವಳನ್ನು ಹೆಗಲ ಮೇಲೆ ಹೊತ್ತಿದ್ದರು. ಕೆಳಗಿಳಿದ ಕೂಡಲೇ ಅವಳು ಫೋನ್ ಮಾಡಿದ್ದು ತಾಯಿಗೆ, ಸಿಕ್ಕಿದ್ದು ಸಮಾಧಾನ. "ನೀ ನೋಡೇ ಇಲ್ಲ ಬಿಡು," ಎಂದು ಫೋನ್ ಇಟ್ಟಳು.

ಈ ತಪ್ಪು ಹೇಗಾಯಿತೆಂದು ನಿಮ್ಮ ಕಚೇರಿಯನ್ನು ಕೇಳಿದೆ. ಫೋನ್ ಎತ್ತಿದ ಯುವಕ ವಿನಯವಾಗಿಯೇ ವಿವರಿಸಿದ: "ಪೆನಾಲ್ಟಿ ಅಂದ್ರೆ ಗೋಲೇ ಅಲ್ವಾ ಮೇಡಂ? ಮೊದಲೇ ಟೈಪ್ ಮಾಡಿ ಇಟ್ಕೊಂಡಿರ್ತಾರೆ." ಎಂಥ ದಕ್ಷತೆ! ಇದೇ ಪದ್ಧತಿಯಾದರೆ ಮುಂದಿನ ಋತುವಿನಿಂದ ಪಂದ್ಯಗಳನ್ನು ಆಡಿಸುವ ತೊಂದರೆಯೇಕೆ? ಗೋಲ್‌ಕೀಪರ್ ಎಂಬ ಹುದ್ದೆಯನ್ನು ಹೇಗೂ ನೀವು ರದ್ದು ಮಾಡಿದ್ದೀರಿ. ಉಳಿದ ಹತ್ತು ಮಂದಿಯನ್ನೂ ಮನೆಗೆ ಕಳುಹಿಸಿ, ಎಲ್ಲವನ್ನೂ ಮೊದಲೇ ಟೈಪ್ ಮಾಡಿ ಇಟ್ಟುಕೊಳ್ಳಿ. ಕೇಕಿಗೆ ಇನ್ನಷ್ಟು ಸಮಯ ಸಿಗುತ್ತದೆ.

ನಾನು ಬಿಡುವಿನಲ್ಲಿ ಅನುವಾದಿತ ಕಾದಂಬರಿಗಳನ್ನು ಓದುತ್ತೇನೆ. ಮೂಲ ಭಾಷೆ ನನಗೆ ಬಾರದು. ನಡುವೆ ನಿಂತವರ ಮಾತನ್ನು ನಂಬಿ ಓದುವುದು. ಒಂದು ಪದ ಅತ್ತಿತ್ತ ಆಗಿರಬಹುದು, ಅದು ನನಗೆ ಗೊತ್ತು. ಆದರೆ ಕೊನೆಯ ಹನ್ನೊಂದು ಪುಟ ಕಿತ್ತು, ಆ ಜಾಗದಲ್ಲಿ ಪ್ರಕಾಶಕರ ಮನೆಯವರ ಫೋಟೊ ಅಂಟಿಸಿ, ಬದುಕಿದ ನಾಯಕಿಯನ್ನು ಸತ್ತಳೆಂದು ಬರೆದ ಅನುವಾದಕರನ್ನು ನಾನು ಇದುವರೆಗೆ ಕಂಡಿಲ್ಲ. ಮಣಿಪಾಲದ ಮೈದಾನಕ್ಕೂ ಅನ್ನಪೂರ್ಣರ ಕಣ್ಣಿಗೂ ನಡುವೆ ಇದ್ದವರು ನೀವೊಬ್ಬರೇ. ನೋಡುವವರ ಕೈಯಲ್ಲಿ ಬೇರೆ ಪ್ರತಿ ಇರಲಿಲ್ಲ.

ತಾಯಿ-ಮಗಳ ಮುನಿಸು ಮರುದಿನವೇ ಕರಗಿತು. ಇಷ್ಟೇ ಆಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಕೋಯಿಕ್ಕೋಡಿನ ತಂಡವೊಂದರ ಕೋಚ್ ಶಿಲ್ಪಾಳ ಬಗ್ಗೆ ಕೇಳಿ, ಆ ಪಂದ್ಯದ ಪೂರ್ತಿ ವಿಡಿಯೊ ಕಳುಹಿಸಲು ಹೇಳಿದ್ದಾರೆ. ಆಯ್ಕೆ ಶಿಬಿರಕ್ಕೆ ಕರೆಯಬೇಕೋ ಬೇಡವೋ ಎಂಬುದನ್ನು ಈ ತಿಂಗಳ ಇಪ್ಪತ್ತೆಂಟರೊಳಗೆ ನಿರ್ಧರಿಸುತ್ತಾರೆ. ನಿಮ್ಮ ಜಾಲತಾಣದ ವಿಡಿಯೊದಲ್ಲಿ ಕೇಕ್ ಇದೆ. ಪಂದ್ಯದ ಸಾರಾಂಶದಲ್ಲಿ ಅವಳು ಪೆನಾಲ್ಟಿಯಲ್ಲಿ ಗೋಲು ಬಿಟ್ಟುಕೊಟ್ಟಳೆಂದಿದೆ. ಲೀಗಿನ ಪಟ್ಟಿಯಲ್ಲಿ ಪಂದ್ಯ ಡ್ರಾ ಎಂದಷ್ಟೇ ಇದೆ, ಪೆನಾಲ್ಟಿ ಏನಾಯಿತೆಂದಿಲ್ಲ. ಪ್ರೇಕ್ಷಕರೊಬ್ಬರು ಮೊಬೈಲಿನಲ್ಲಿ ತೆಗೆದದ್ದು ಸಿಕ್ಕಿತು. ಅದರಲ್ಲಿ ಸರಿಯಾದ ಕ್ಷಣಕ್ಕೆ ಯಾರದೋ ಬಾವುಟ ಅಡ್ಡ ಬಂದಿದೆ. ಕೋಚ್ ಅವಳನ್ನು ಕೇಳಿದರಂತೆ: "ನೀನು ತಡೆದೆ ಎನ್ನುತ್ತಿ. ಟಿವಿಯವರು ಗೋಲ್ ಎನ್ನುತ್ತಾರೆ. ನಾನು ಯಾರನ್ನು ನಂಬಲಿ?"

"ಪ್ರಸಾರ ಆಗದ್ದು ನಮ್ಮ ದಾಖಲೆಯಲ್ಲಿ ಇರುವುದಿಲ್ಲ," ಎಂದು ನಿಮ್ಮ ಕಚೇರಿ ಹೇಳುತ್ತದೆ. ಇದು ಸುಳ್ಳು. ಅಂದು ಮಣಿಪಾಲದಲ್ಲಿ ನಿಮ್ಮ ಕ್ಯಾಮೆರಾ ಮೂರಿದ್ದವು. ಅವನ್ನು ಹಿಡಿದಿದ್ದ ಮೂವರಲ್ಲಿ ಒಬ್ಬರು ನನಗೆ ಹೇಳಿದ್ದು: "ನೀವು ಕೇಕ್ ನೋಡ್ತಾ ಇದ್ದಾಗ ನಮ್ಮ ಕ್ಯಾಮೆರಾ ಒಂದೂ ಆಫ್ ಆಗ್ಲಿಲ್ಲ. ಎಲ್ಲ ಉಂಟು. ಡಿಸ್ಕ್ ಆಫೀಸಿಗೆ ಕೊಟ್ಟಾಗಿದೆ." ಅವರ ಹೆಸರು ಬರೆಯುವುದಿಲ್ಲ. ಸತ್ಯ ಹೇಳಿದವರನ್ನು ನೀವು ಎಲ್ಲಿಗೆ ವರ್ಗ ಮಾಡುತ್ತೀರೋ ಎಂಬ ಭಯ ನನಗಿದೆ.

ಕಳೆದ ಭಾನುವಾರ ಶಿಲ್ಪಾ ಅಂಗಡಿಗೆ ಬಂದಿದ್ದಳು. "ಹ್ಯಾಂಗ ಹಿಡಿದಿ, ತೋರ್ಸು," ಎಂದರು ಅನ್ನಪೂರ್ಣ. ಬಾಗಿಲಿಗೂ ಕಟಿಂಗ್ ಮೇಜಿಗೂ ನಡುವೆ ಅವಳು ಮೊಣಕಾಲು ಬಾಗಿಸಿ ನಿಂತಳು. ತಾಯಿ ಚಿಂದಿ ಬಟ್ಟೆಯ ಉಂಡೆ ಕಟ್ಟಿ, ಅಳತೆ ನೋಡಿ, ಬಲವಾಗಿ ಎಸೆದರು. ಅವಳು ಹಾರಿದಳು. ಉಂಡೆ ಬೆರಳಿಗೆ ತಾಗಿ ಮಿಷಿನ್ ಕೆಳಗೆ ಹೋಯಿತು.

"ಇಷ್ಟ ದೂರ ಹಾರಿದೇನು?"

"ಇಲ್ಲವ್ವ. ಇಲ್ಲಿ ಮೇಜು ಅಡ್ಡ ಬಂತು. ಅಲ್ಲಿ ಇನ್ನೂ ದೂರ."

ಅನ್ನಪೂರ್ಣ ಮೇಜಿನ ಒಂದು ತುದಿ ಹಿಡಿದರು. ನಾನು ಇನ್ನೊಂದು ತುದಿ ಹಿಡಿದೆ. ಗೋಡೆಗೆ ಸರಿಸಿದೆವು. ಅವಳು ಮತ್ತೆ ಹಾರಿದಳು.

ಹೀಗೆ ತಾಯಿಗೆ ಸಾಕ್ಷಿ ಸಿಕ್ಕಿತು. ಆದರೆ ಕೋಯಿಕ್ಕೋಡಿನ ಕೋಚ್ ನನ್ನ ಅಂಗಡಿಗೆ ಬಂದು ಚಿಂದಿ ಉಂಡೆ ಎಸೆಯಲಾರರು. ಆದ್ದರಿಂದ ಆ ಹನ್ನೊಂದು ನಿಮಿಷಗಳ ದೃಶ್ಯವನ್ನು, ಮೂರೂ ಕ್ಯಾಮೆರಾಗಳದ್ದನ್ನು, ಇಪ್ಪತ್ತೆಂಟರೊಳಗೆ ಶಿಲ್ಪಾಳ ಕೈಗೆ ಕೊಡಿ. ಜಾಲತಾಣದ ಫಲಿತಾಂಶ ತಿದ್ದಿ. ತಿದ್ದಿದ್ದನ್ನು ನಿಮ್ಮ ಪರದೆಯ ಮೇಲೂ ಓಡಿಸಿ. ಈ ಸಲ ಓಡುವ ಸಾಲು ಮಾತ್ರ ನಿಜವಾದದ್ದಿರಲಿ. ಕ್ಷಮೆ ಕೇಳುವ ಮನಸ್ಸಿದ್ದರೆ ನನ್ನನ್ನಲ್ಲ, "ಇರ್ಲಿ ಬಿಡು" ಎಂದು ಗೆದ್ದ ಮಗಳನ್ನು ಸಮಾಧಾನ ಮಾಡಿದ ಆ ತಾಯಿಯನ್ನು ಕೇಳಿ. ಹೂಗುಚ್ಛ ಬೇಡ. ಕೇಕ್ ಅಂತೂ ಬೇಡವೇ ಬೇಡ.

ಇಂತಿ,
ನಿಮ್ಮ ಕೇಕನ್ನು ಕೊನೆಯ ತುಂಡಿನವರೆಗೂ ನೋಡಿದ ಚಂದಾದಾರಳು,
ಗುಣವತಿ
ಹೊಲಿಗೆ ಅಂಗಡಿ, ಕಾಪು